ಮೂರ್ತಿಬಾಬು ಮನೆಗೆ ಮೀನು ಬಂದದ್ದು

ನರಸಿಂಹಮೂರ್ತಿಯವರಿಗೆ ಮೀನು ಸಾಕುವ ಆಸೆ ಯಾವತ್ತೂ ಇರಲಿಲ್ಲ. ಅವರಿಗಿದ್ದದ್ದು ಕೆರೆಯ ಆಸೆ. ಅದೂ ನೀರಿನ ಮೇಲಿನ ಪ್ರೀತಿಯಿಂದ ಹುಟ್ಟಿದ್ದಲ್ಲ, ಹೊನ್ನಪ್ಪನವರ ಮೇಲಿನ ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದು. ರೈಲ್ವೆಯಲ್ಲಿದ್ದ ಹೊನ್ನಪ್ಪನವರು ಕೋಲ್ಕತ್ತದ ಬಾಲಿಗಂಜ್‌ನಲ್ಲಿ ಫ್ಲ್ಯಾಟ್ ಕೊಂಡ ದಿನದಿಂದ, ಕನ್ನಡದವರು ನಾಲ್ಕು ಜನ ಸೇರಿದಲ್ಲೆಲ್ಲ "ನಮ್ಮ ಬಾಲ್ಕನಿಯಿಂದ ನೋಡಿದ್ರೆ..." ಎಂದು ಮಾತು ಶುರುಮಾಡುತ್ತಿದ್ದರು. ಮೂರ್ತಿಯವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ, ಮನೆ ಬಾಡಿಗೆಯದು. ಜಾದವ್‌ಪುರದಲ್ಲಿ ಹಳೆಯ ಮನೆಯೊಂದರ ಕೆಳಭಾಗ ಸಿಕ್ಕಿದ ಮೇಲೆ ನಡೆದ ಕನ್ನಡದವರ ಮೊದಲ ಸಭೆಯಲ್ಲಿ, ಇನ್ನೂ ಕಾಫಿ ಬರುವ ಮುಂಚೆಯೇ, "ನಮ್ಮನೆ ಹಿಂದೆ ಒಂದು ಕೆರೆ ಇದೆ" ಎಂದುಬಿಟ್ಟರು.

ಹೊನ್ನಪ್ಪನವರು ಬಾಲ್ಕನಿಯ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಆ ಮಟ್ಟಿಗೆ ಕೆರೆಯಿಂದ ಉಪಯೋಗವಾಯಿತು.

ಆದರೆ ಕೆರೆ ಎಂಬ ಮಾತು ಸ್ವಲ್ಪ ದೊಡ್ಡದೇ ಆಯಿತು. ಅದೊಂದು ಹೊಂಡ. ಒಂದು ಹಳದಿ ಟ್ಯಾಕ್ಸಿಯನ್ನು ಅದರೊಳಗೆ ಇಳಿಸಿದರೆ ಇನ್ನೊಂದಕ್ಕೆ ಜಾಗ ಸಿಗುತ್ತಿರಲಿಲ್ಲ. ಸುತ್ತ ಕೆಸುವಿನ ಗಿಡ, ಮೇಲೆ ಹಸಿರು ಪಾಚಿ, ಮೂಲೆಯಲ್ಲಿ ಯಾರೋ ಎಂದೋ ಎಸೆದ ಒಂಟಿ ಚಪ್ಪಲಿ. ಬೀದಿಯವರು ಅದನ್ನು ಗೌರವದಿಂದಲೇ ಪುಕುರ್, ಅಂದರೆ ಕೆರೆ, ಎಂದು ಕರೆಯುತ್ತಿದ್ದರು. ಬಂಗಾಳದಲ್ಲಿ ನೀರು ನಿಂತ ಜಾಗಕ್ಕೆಲ್ಲ ಒಂದು ಮರ್ಯಾದೆ ಉಂಟು.

ಮಳೆಗಾಲಕ್ಕೆ ಮುಂಚೆ ಸೊಳ್ಳೆ ತಪಾಸಣೆಯ ಹೆಂಗಸರಿಬ್ಬರು ಬಂದರು. ಉದ್ದ ಹಿಡಿಯ ಸೌಟಿನಿಂದ ಒಂದು ಸೌಟು ನೀರೆತ್ತಿ ಮೂರ್ತಿಯವರ ಮೂಗಿನ ಕೆಳಗೆ ಹಿಡಿದರು. ಸೌಟಿನ ತುಂಬ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು.

"ಬೀದಿಗೆ ಡೆಂಗ್ಯೂ ಬಂದರೆ ನೀವೇ ಹೊಣೆ," ಎಂದಳು ಹಿರಿಯಳು ಹಿಂದಿಯಲ್ಲಿ.

"ಹಾಗಾದರೆ ಮಣ್ಣು ಹಾಕಿ ಮುಚ್ಚಿಸಿಬಿಡ್ತೀನಿ."

"ಪುಕುರ್ ಮುಚ್ಚಿದರೆ ಪೊಲೀಸ್ ಕೇಸಾಗುತ್ತೆ."

"ಇಟ್ಟುಕೊಂಡರೂ ತಪ್ಪು, ಮುಚ್ಚಿದರೂ ತಪ್ಪು. ನಾನೇನಮ್ಮ ಮಾಡಲಿ?"

"ಇದರಲ್ಲಿ ಜೀವ ಬಿಡಿ," ಎಂದು ಹೇಳಿ ಅವಳು ಮುಂದಿನ ಮನೆಗೆ ಹೊರಟಳು.

ಮೂರ್ತಿಯವರ ಹೆಂಡತಿ ಸಾವಿತ್ರಿಗೆ ಹಿಂದಿ ಅರ್ಧ ಬರುತ್ತಿತ್ತು. ಆ ಅರ್ಧದಲ್ಲಿ ಇದು ಕೇಳಿಸಿತು. "ಅಯ್ಯೋ, ಎಂಥಾ ಬಾಯ್ರೀ ಇವಳದು! ಸೊಳ್ಳೆ ಆಯ್ತು ಅಂತ ನೀವು ಹೊಂಡಕ್ಕೆ ಬಿದ್ದು ಜೀವ ಬಿಡಬೇಕೇ?"

ಮಗಳು ಇಂಚರ ಹುಟ್ಟಿ ಬೆಳೆದದ್ದೇ ಕೋಲ್ಕತ್ತದಲ್ಲಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡುವಾಗ ಮಾತ್ರ ಎಡವುತ್ತಿದ್ದಳು. "ಅಮ್ಮ, ಜೀವ ಮೀನ್ಸ್ ಪ್ರಾಣಿ. ಪಾಂಡ್‌ನಲ್ಲಿ ಪ್ರಾಣಿ ಹಾಕಿ, ಅದು ಲಾರ್ವಾ ತಿನ್ನುತ್ತೆ ಅಂತ," ಎಂದು ಸಮಾಧಾನ ಮಾಡಿದಳು.

ಹೀಗೆ ಪ್ರಾಣಿಗಳ ಆಯ್ಕೆಯ ಪ್ರಶ್ನೆ ಎದ್ದಿತು. ಹೊನ್ನಪ್ಪನವರ ಹೆಂಡತಿ ಕಾರವಾರದ ಕಡೆಯವರು. ಆದ್ದರಿಂದ ನೀರಿಗೆ ಸಂಬಂಧಪಟ್ಟ ವಿಷಯದಲ್ಲೆಲ್ಲ ತಾವೇ ಪ್ರಮಾಣ ಎಂದು ಹೊನ್ನಪ್ಪನವರು ತಿಳಿದಿದ್ದರು. ಮೂರ್ತಿಯವರು ಅವರಿಗೇ ಫೋನು ಮಾಡಬೇಕಾಯಿತು.

"ಬಾತುಕೋಳಿ ಬಿಡಿ ಸಾರ್," ಎಂದರು ಹೊನ್ನಪ್ಪ. "ಕೆರೆ ಅಂದ್ಮೇಲೆ ಬಾತುಕೋಳಿ ಇಲ್ದೆ ಹೇಗೆ? ಅಂದ ಹಾಗೆ ನಿಮ್ಮ ಕೆರೆ ಎಷ್ಟು ಎಕರೆ ಅಂದ್ರಿ?"

"ಹಲೋ? ಹಲೋ? ಸರಿಯಾಗಿ ಕೇಳಿಸ್ತಿಲ್ಲ," ಎಂದರು ಮೂರ್ತಿ.

ಬಾತುಕೋಳಿಯನ್ನು ಸಾವಿತ್ರಿ ನಿಂತ ನಿಲುವಿನಲ್ಲೇ ತಳ್ಳಿಹಾಕಿದಳು. "ಅದು ಸುಮ್ನೆ ಈಜ್ಕೊಂಡಿರುತ್ತೇನ್ರೀ? ಮೊಟ್ಟೆ ಇಡುತ್ತೆ. ಅದನ್ನ ಎಲ್ಲಿಡ್ಲಿ, ಗೌರಿ ಹಬ್ಬಕ್ಕೆ ಬಾಗಿನದಲ್ಲಿಡ್ಲಾ?" ಆಮೆ ತಂದರೆ ಮನೆಗೆ ಶುಭ ಎಂದು ಹೊನ್ನಪ್ಪ ಎರಡನೆಯ ಸಲಹೆ ಕೊಟ್ಟರು. ಇಂಚರ ಮೊಬೈಲಿನಲ್ಲಿ ನೋಡಿ, ನಮ್ಮ ದೇಶದ ಆಮೆ ಸಾಕಿದರೆ ಜೈಲು ಎಂದಳು. ಜೈಲಿನಲ್ಲಿ ಶುಭವಾಗಿ ಏನು ಪ್ರಯೋಜನ ಎಂದು ಅದನ್ನೂ ಬಿಟ್ಟರು. ಕಪ್ಪೆಗಳನ್ನು ಯಾರೂ ಆರಿಸಲಿಲ್ಲ. ಅವು ತಾವಾಗಿಯೇ ಬಂದು ಸೇರಿ, ಸಂಜೆಯಾಗುತ್ತಲೇ ಕಛೇರಿ ಶುರುಮಾಡಿದ್ದವು. ಉಳಿದದ್ದು ಮೀನು. ಗಪ್ಪಿ ಮತ್ತು ಬಂಗಾಳದ್ದೇ ಆದ ಖಲ್ಸೆ ಎಂಬ ಪುಟ್ಟ ಮೀನು, ಇವೆರಡೂ ಸೊಳ್ಳೆ ಮರಿಗಳನ್ನು ಚೆನ್ನಾಗಿ ತಿನ್ನುತ್ತವೆ, ಪಂಪು ಗಿಂಪು ಏನೂ ಬೇಡ, ದೊಡ್ಡ ಜಾತಿಯ ಮೀನು ಮಾತ್ರ ತರಬೇಡಿ, ನಿಮ್ಮ ಹೊಂಡಕ್ಕೆ ಹಿಡಿಸುವುದಿಲ್ಲ ಎಂದರು ಹೊನ್ನಪ್ಪ.

"ಕೆರೆ," ಎಂದು ತಿದ್ದಿದರು ಮೂರ್ತಿ.

ಇಲ್ಲಿಗೆ ವಿಷಯ ಮುಗಿಯಬೇಕಿತ್ತು. ಮುಗಿಯದಿರಲು ಮೂರ್ತಿಯವರ ಒಂದು ಭಾಷಣವೇ ಕಾರಣ.

ಹಿಂದಿನ ದುರ್ಗಾಪೂಜೆಯಲ್ಲಿ ಬೀದಿಯ ಕ್ಲಬ್ಬಿನ ಕಾರ್ಯದರ್ಶಿ ಘೋಷಾಲ್‌ಬಾಬು ಇವರನ್ನು ಹಿಲ್ಸಾ ಮೀನಿನ ಊಟಕ್ಕೆ ಕರೆದಿದ್ದರು. ಒಂದು "ಬೇಡ" ಸಾಕಾಗಿತ್ತು. ಆದರೆ ಮೈಕು ಪಕ್ಕದಲ್ಲೇ ಇತ್ತು. ಮೂರ್ತಿಯವರು ಅದನ್ನು ಹಿಡಿದು, ಸಾತ್ವಿಕ ಆಹಾರದಿಂದ ಬುದ್ಧಿ ಹೇಗೆ ತಿಳಿಯಾಗುತ್ತದೆ ಎಂಬುದನ್ನು ಇಡೀ ಬೀದಿಗೆ ತಿಳಿಸಿ, "ನಮ್ಮ ಮನೆಯಲ್ಲಿ ಮೀನಿನ ನೆರಳು ಕೂಡ ಬೀಳುವುದಿಲ್ಲ" ಎಂದು ಮುಗಿಸಿದ್ದರು. ಊಟಕ್ಕೆ ಕುಳಿತಿದ್ದವರು ತಲೆ ತಗ್ಗಿಸಿ ಮೀನು ತಿಂದಿದ್ದರು. ಈಗ ಅದೇ ಮನುಷ್ಯ ಚೀಲದಲ್ಲಿ ಮೀನು ಹೊತ್ತು ಅದೇ ಬೀದಿಯಲ್ಲಿ ನಡೆದು ಬರುವುದು ಹೇಗೆ? ಅದೂ ಅಲ್ಲದೆ, ಪುಕುರಿನಲ್ಲಿ ಮೀನಿದೆ ಎಂದು ತಿಳಿದ ದಿನವೇ ಘೋಷಾಲ್‌ಬಾಬು ಗಾಳ ಹಿಡಿದು ದಡದಲ್ಲಿ ಕೂರುವುದು ಖಂಡಿತ.

ಮೂರ್ತಿಯವರು ಬಾಗಿಲು ಹಾಕಿ ಮನೆಯವರನ್ನು ಕೂರಿಸಿಕೊಂಡರು. "ಇನ್ಮೇಲೆ ಈ ಮನೇಲಿ ಮಛ್ಲಿ, ಮಾಛ್, ಫಿಶ್, ಈ ಮೂರು ಮಾತು ಯಾರೂ ಆಡಕೂಡದು. ಮೀನು ಅಂತ ಮಾತ್ರ ಅನ್ನಿ. ಈ ಬೀದೀಲಿ ಕನ್ನಡ ಬರೋದು ನಮಗೆ ಮಾತ್ರ."

"ಅಪ್ಪ, ಬಟ್ ಬೆಂಗಾಲಿಯಲ್ಲಿ ಮಿನು ಅಂದ್ರೆ..." ಎಂದಳು ಇಂಚರ.

"ದೊಡ್ಡವರು ಮಾತಾಡುವಾಗ ಅಡ್ಡ ಬಾಯಿ ಹಾಕಬೇಡ."

ಇಂಚರ ಹೇಳಬೇಕೆಂದಿದ್ದದ್ದು ಇಷ್ಟೇ: ಬಂಗಾಳದಲ್ಲಿ ಮಿನು ಎನ್ನುವುದು ಹೆಣ್ಣುಮಕ್ಕಳನ್ನು ಮನೆಯಲ್ಲಿ ಮುದ್ದಿಗೆ ಕರೆಯುವ ಹೆಸರು. ದೀರ್ಘವೋ ಹ್ರಸ್ವವೋ ಬಂಗಾಳಿ ಕಿವಿಗೆ ಎರಡೂ ಒಂದೇ. ಆ ಬೀದಿಯಲ್ಲೇ ಹುಡುಕಿದರೆ ಮೂರೋ ನಾಲ್ಕೋ ಮಿನುಗಳು ಸಿಗುತ್ತಿದ್ದರು. ಆದರೆ ದೊಡ್ಡವರು ಮಾತಾಡುತ್ತಿದ್ದರು.

ಮರುದಿನ ಮೂರ್ತಿಯವರು ಹಿತ್ತಿಲಲ್ಲಿ ನಿಂತು, ಗ್ಯಾಲಿಫ್ ಸ್ಟ್ರೀಟಿನ ಭಾನುವಾರದ ಸಂತೆಯಲ್ಲಿ ಮೀನು ಮಾರುವವನಿಗೆ ಫೋನು ಮಾಡಿದರು. ಅವನಿಗೂ ಮೊದಲೇ ಹೇಳಿದ್ದರು, ನಾನು ಮೀನು ಎಂದರೆ ಮಛ್ಲಿ ಎಂದು ತಿಳಿದುಕೋ ಎಂದು. ಮೂರ್ತಿಯವರ ಹಿಂದಿಯಲ್ಲಿ ಹೆಂಡತಿ ಪುಲ್ಲಿಂಗ, ಆಫೀಸು ಸ್ತ್ರೀಲಿಂಗ. ಆದರೆ ಅವತ್ತಿನ ಗ್ರಹಚಾರ, ಮೀನು ಮಾತ್ರ ವ್ಯಾಕರಣಬದ್ಧವಾಗಿ ಸ್ತ್ರೀಲಿಂಗದಲ್ಲೇ ಬಂತು. ಪಕ್ಕದ ಮನೆಯ ಕಿಟಕಿಯಲ್ಲಿ ಬೇಳೆಯ ಸಂಡಿಗೆ ಒಣಗಿಸುತ್ತ ನಿಂತಿದ್ದ ಅನಿಮಾ ಮಾಶಿಮಾ, ಅಂದರೆ ಬೀದಿಗೆಲ್ಲ ಚಿಕ್ಕಮ್ಮನಂತಿದ್ದ ನಿವೃತ್ತ ಶಾಲಾ ಟೀಚರು, ಒಂದು ಕಡೆಯ ಮಾತನ್ನು ಮಾತ್ರ ಕೇಳಿಸಿಕೊಂಡರು. ಅವರ ಕಿವಿಗೆ ಅದು ಬಿದ್ದದ್ದು ಹೀಗೆ:

"ಮಿನು ತುಂಬಾ ಚಿಕ್ಕವಳಿರಬೇಕು. ದೊಡ್ಡವಳಾದರೆ ತಿನ್ನೋದು ಜಾಸ್ತಿ... ಬಂಗಾಳದವಳೇ ಆಗಲಿ, ಇಲ್ಲಿನ ನೀರಿಗೆ ಒಗ್ಗಿರುತ್ತಾಳೆ... ಊಟವೇ? ದಿನಕ್ಕೊಮ್ಮೆ ಒಂದು ಚಿಟಿಕೆ ಹಾಕ್ತೀನಿ, ಸಾಕು... ಮನೆಯೊಳಗೆ ಯಾಕೆ? ಹಿತ್ತಿಲಲ್ಲೇ ಇರ್ತಾಳೆ, ಬಿಸಿಲಾಗಲಿ ಮಳೆಯಾಗಲಿ... ಒಬ್ಬಳು ಸಾಲದು, ಒಂದು ಹತ್ತು ಹನ್ನೆರಡು ಕೊಡಿ... ದಾರಿಯಲ್ಲಿ ಒಂದೆರಡು ಸತ್ತರೆ ಬದಲಿ ಕೊಡ್ತೀರಿ ತಾನೆ?"

ಅನಿಮಾ ಮಾಶಿಮಾರ ಕೈಯಿಂದ ಸಂಡಿಗೆಯ ತಟ್ಟೆ ಜಾರಿತು.

ಸಂಜೆಯ ಹೊತ್ತಿಗೆ ಘೋಷಾಲ್‌ಬಾಬು ಬಾಗಿಲಲ್ಲಿದ್ದರು. ಎತ್ತರದ ಆಳು, ದಪ್ಪ ಮೀಸೆ. ಬೀದಿಯಲ್ಲಿ ನಲ್ಲಿ ಸೋರಿದರೂ ನ್ಯಾಯ ಹೇಳುವವರು.

"ಮೂರ್ತಿಬಾಬು, ಮಿನು ಬರ್ತಾಳಂತೆ?"

ಮೂರ್ತಿಯವರು ಬಾಗಿಲನ್ನು ಅರ್ಧ ಮುಂದಕ್ಕೆಳೆದುಕೊಂಡರು. ಗುಟ್ಟು ರಟ್ಟಾಗಿದೆ, ಎಲ್ಲೋ ಒಂದು ಕನ್ನಡ ಬಲ್ಲ ಕಿವಿ ಇದೆ! ಹಿಂದಿಯಲ್ಲಿ ಬರ್ತಾಳೆ ಎಂದರೂ ಬರುತ್ತೆ ಎಂದರೂ ಒಂದೇ ಆದ್ದರಿಂದ ಅವರಿಗೆ ಬೇರೆ ಅನುಮಾನ ಬರಲಿಲ್ಲ.

"ಯಾರು ಹೇಳಿದರು?" ಎಂದು ತೊದಲಿದರು.

"ಯಾರಾದರೂ ಹೇಳಲಿ. ನಿಮ್ಮಂಥ ಸಾತ್ವಿಕರು ಇಂಥಾ ಕೆಲಸ ಮಾಡೋದೇ?"

"ನಾನಾಗಿ ಮಾಡಿದ್ದಲ್ಲ ಘೋಷಾಲ್‌ಬಾಬು. ಸೊಳ್ಳೆ ತಪಾಸಣೆಯವರೇ ಹೇಳಿದ್ದು. ಸೊಳ್ಳೆ ಕಾಟಕ್ಕೆ ಇದೇ ಮದ್ದಂತೆ."

"ಸೊಳ್ಳೆ ಕಾಟಕ್ಕೆ? ಮಿನು?"

"ಹೌದು. ಬೆಳಗಿನಿಂದ ಸಂಜೆವರೆಗೂ ಅದೇ ಕೆಲಸ. ಒಂದು ಸೊಳ್ಳೆಯನ್ನೂ ಉಳಿಸಲ್ಲವಂತೆ."

ಘೋಷಾಲ್‌ಬಾಬು ಒಂದು ಹೆಜ್ಜೆ ಹಿಂದೆ ಸರಿದರು. "ಇದು ಪಾಪ ಅಂತ ಅನ್ನಿಸಲ್ವೇ?"

"ಪಾಪವೇನು ಬಂತು? ನಾನೇನು ಕೊಲ್ತೀನಾ? ಊಟ ಹಾಕಿ ಇಟ್ಟುಕೊಳ್ತೀನಿ. ಆದರೆ ದಯವಿಟ್ಟು ಬೀದಿಯಲ್ಲಿ ಯಾರಿಗೂ ಹೇಳಬೇಡಿ."

ಇದಕ್ಕಿಂತ ಸ್ಪಷ್ಟವಾಗಿ ಯಾವ ಅಪರಾಧಿಯೂ ಒಪ್ಪಿಕೊಂಡಿರಲಾರ. ಘೋಷಾಲ್‌ಬಾಬು ನೇರವಾಗಿ ಕ್ಲಬ್ಬಿಗೆ ಹೋಗಿ, ಕೇರಂ ಆಟ ನಿಲ್ಲಿಸಿ, ಹಳೆಯ ಜಮೀನ್ದಾರರು ಬೀಸಣಿಗೆ ಎಳೆಯಲು ಆಳಿಡುತ್ತಿದ್ದರೆಂದು ಕೇಳಿದ್ದೇವೆ, ಈ ಮನುಷ್ಯ ಸೊಳ್ಳೆ ಹೊಡೆಯಲು ಎಳೆಯ ಹೆಣ್ಣುಮಕ್ಕಳನ್ನು ತರಿಸುತ್ತಿದ್ದಾನೆ, ಅದೂ ಡಜನ್ನುಗಟ್ಟಲೆ, ಎಂದು ಸಾರಿದರು. ಬುದ್ಧಿ ತಿಳಿಯಾಗುವ ಊಟದ ಫಲ ಇದು ಎಂದು ಯಾರೋ ಹಿಂದಿನಿಂದ ಅಂದರು.

ಹೆಂಗಸರು ಬೇರೆ ದಾರಿ ಹಿಡಿದರು. ಅನಿಮಾ ಮಾಶಿಮಾ ತಮ್ಮ ಮೊಮ್ಮಗಳ ಹಳೆಯ ಫ್ರಾಕು ಹಿಡಿದು ಸಾವಿತ್ರಿಯ ಬಳಿ ಬಂದರು. "ಶಾಬಿತ್ರಿ, ಇದನ್ನಿಟ್ಟುಕೋ. ಮಿನು ಬಂದ ಮೇಲೆ ಹಾಕು," ಎಂದರು. ಕಣ್ಣು ಒದ್ದೆಯಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಮೀನಿಗೆ ಫ್ರಾಕು ಯಾಕೆ ಎಂದು ಕೇಳುತ್ತಿದ್ದರು. ಆದರೆ ಸಾವಿತ್ರಿ ಬಂಗಾಳಿ ಮದುವೆ ನೋಡಿದ್ದಳು. ಗಂಡಿನ ಮನೆಯವರು ಕಳಿಸುವ ತಟ್ಟೆಗಳ ನಡುವೆ ಒಂದು ದೊಡ್ಡ ರುಯಿ ಮೀನಿಗೆ ಸೀರೆ ಉಡಿಸಿ, ಮೂಗುತಿ ಇಟ್ಟು, ಮದುಮಗಳ ಹಾಗೆ ಮಲಗಿಸಿದ್ದನ್ನು ಕಣ್ಣಾರೆ ಕಂಡಿದ್ದಳು. ಇವರಲ್ಲಿ ಇದೊಂದು ಪದ್ಧತಿ, ದೊಡ್ಡದಕ್ಕೆ ಸೀರೆ, ಚಿಕ್ಕದಕ್ಕೆ ಫ್ರಾಕು ಇರಬೇಕು ಎಂದುಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಸ್ವಲ್ಪ ದೊಡ್ಡದಾಗುತ್ತೇನೋ ಮಾಶಿಮಾ," ಎಂದಳು.

"ಬೆಳೀತಾಳಲ್ಲಮ್ಮಾ. ರಾತ್ರಿ ಒಳಗೆ ಮಲಗಿಸಿಕೊಳ್ತೀಯಾ?"

"ಒಳಗೆಲ್ಲಿ ಬರುತ್ತೆ? ನೀರು ಬಿಟ್ಟು ಒಂದು ಗಳಿಗೆ ಇರಲ್ಲ ಅದು."

ಇಡೀ ದಿನ ನೀರಿನಲ್ಲಿ! ಪಾತ್ರೆ, ಬಟ್ಟೆ, ನೆಲ, ಎಲ್ಲ ಆ ಮಗುವಿನ ಕೈಯಲ್ಲೇ! ಅನಿಮಾ ಮಾಶಿಮಾ ಮನೆಗೆ ಹೋದವರೇ, ಇನ್ನು ಸುಮ್ಮನಿರಬಾರದೆಂದು ಠಾಣೆಗೆ ಫೋನು ಮಾಡಿದರು.

ಭಾನುವಾರ ಬೆಳಿಗ್ಗೆ ಮೂರ್ತಿಯವರು ಇಂಚರಳನ್ನು ಕರೆದುಕೊಂಡು ಸಂತೆಗೆ ಹೋಗಿ, ಪುಟ್ಟ ಗಪ್ಪಿ, ಪಟ್ಟೆ ಪಟ್ಟೆಯ ಖಲ್ಸೆ, ಎರಡನ್ನೂ ಗಾಳಿ ತುಂಬಿದ ಪಾಲಿಥೀನ್ ಕವರುಗಳಲ್ಲಿ ಕಟ್ಟಿಸಿಕೊಂಡರು. ಯಾರಿಗೂ ಕಾಣದಿರಲೆಂದು ಅವನ್ನೆಲ್ಲ ಒಂದು ದೊಡ್ಡ ಬಟ್ಟೆ ಚೀಲದಲ್ಲಿಟ್ಟು, ಮೇಲೆ ಬೆಡ್‌ಶೀಟು ಹೊದಿಸಿ, ಟ್ಯಾಕ್ಸಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ದಾರಿಯಲ್ಲಿ ಇಂಚರ, "ಅಪ್ಪ, ಐ ರಿಯಲಿ ಥಿಂಕ್ ನಾನು ನಿಮಗೆ ಮಿನು ಬಗ್ಗೆ..." ಎಂದು ಶುರುಮಾಡಿದಳು. "ಡ್ರೈವರ್ ಇದ್ದಾನೆ, ಸುಮ್ಮನಿರು," ಎಂದರು.

ಟ್ಯಾಕ್ಸಿ ಬೀದಿಗೆ ತಿರುಗಿದಾಗ ಗೇಟಿನ ಮುಂದೆ ಪೂಜೆಯ ದಿನದಷ್ಟು ಜನ. ನಡುವೆ ಸಬ್‌ಇನ್‌ಸ್ಪೆಕ್ಟರ್ ಮಂಡಲ್, ಪಕ್ಕದಲ್ಲಿ ಮಕ್ಕಳ ರಕ್ಷಣೆಯ ಕಚೇರಿಯಿಂದ ಬಂದ ಕನ್ನಡಕದ ಹೆಂಗಸು. ಜಗುಲಿಯ ಮೇಲೆ ಸಾವಿತ್ರಿ ಫ್ರಾಕು ಹಿಡಿದು ನಿಂತಿದ್ದಳು, ಎಲ್ಲರೂ ಯಾಕೆ ಅದನ್ನೇ ದಿಟ್ಟಿಸುತ್ತಿದ್ದಾರೆಂದು ತಿಳಿಯದೆ.

"ನೀವೇನಾ ಮೂರ್ತಿ?" ಎಂದರು ಮಂಡಲ್. "ಮಿನು ಎಲ್ಲಿ?"

ಮೂರ್ತಿಯವರು ಚೀಲವನ್ನು ಎದೆಗೆ ಒತ್ತಿಕೊಂಡರು. ಆಮೆಗೆ ಜೈಲೆಂದು ಗೊತ್ತಿತ್ತು. ಖಲ್ಸೆಗೂ ಇದೆಯೆಂದು ಆ ಹಾಳು ಹೊನ್ನಪ್ಪ ಹೇಳಿರಲಿಲ್ಲ.

"ಚೀಲದಲ್ಲಿ," ಎಂದರು ಸಣ್ಣ ದನಿಯಲ್ಲಿ.

ಅನಿಮಾ ಮಾಶಿಮಾ ಮೆಟ್ಟಿಲ ಮೇಲೆ ಕುಸಿದರು. ಘೋಷಾಲ್‌ಬಾಬು "ಮಾ ಗೋ!" ಎಂದು ಮುಖ ಮುಚ್ಚಿಕೊಂಡರು. ಕನ್ನಡಕದ ಹೆಂಗಸು ಬೆಳ್ಳಗಾದಳು.

"ಜೀವ ಇದೆಯೇ?" ಎಂದರು ಮಂಡಲ್.

"ಬೇಗ ಬಿಟ್ಟರೆ ಉಳೀತಾವೆ ಸಾರ್. ಕವರಿನಲ್ಲಿ ಗಾಳಿ ಇನ್ನು ಸ್ವಲ್ಪ ಹೊತ್ತಿಗೆ ಮಾತ್ರ ಇದೆ."

ಮಂಡಲ್ ಚೀಲ ಕಿತ್ತುಕೊಂಡು ಬೆಡ್‌ಶೀಟು ಎಳೆದರು. ಉಬ್ಬಿದ ಪಾಲಿಥೀನ್ ಕವರುಗಳು ಬಿಸಿಲಿಗೆ ಹೊಳೆದವು. ಒಳಗಿನಿಂದ ಒಂದು ಖಲ್ಸೆ ಬಾಯಿ ತೆರೆದು ಮುಚ್ಚಿ, ಸಬ್‌ಇನ್‌ಸ್ಪೆಕ್ಟರರನ್ನು ನೋಡಿತು. ಸಬ್‌ಇನ್‌ಸ್ಪೆಕ್ಟರರೂ ಅದನ್ನು ನೋಡಿದರು.

"ಇವಳು ಮಿನು?"

"ಎಲ್ಲವೂ ಮೀನೇ ಸಾರ್."

ಆಗ ಇಂಚರ ಟ್ಯಾಕ್ಸಿಯಿಂದ ಇಳಿದು, ಎಷ್ಟೋ ದಿನದಿಂದ ಬಾಯಲ್ಲೇ ಉಳಿದಿದ್ದ ವಾಕ್ಯವನ್ನು ಬಂಗಾಳಿಯಲ್ಲಿ ಗಟ್ಟಿಯಾಗಿ ಮುಗಿಸಿದಳು: "ಕನ್ನಡದಲ್ಲಿ ಮೀನು ಅಂದರೆ ಮಾಛ್!"

ಮೊದಲು ನಕ್ಕವಳು ಕನ್ನಡಕದ ಹೆಂಗಸು. ಆಮೇಲೆ ಬೀದಿ ನಕ್ಕಿತು. ಟ್ಯಾಕ್ಸಿಯವನು ಬಾಡಿಗೆ ಕೇಳುವುದನ್ನು ಮರೆತು ನಕ್ಕ. ಅನಿಮಾ ಮಾಶಿಮಾ ಮಾತ್ರ ನಗುತ್ತಲೇ ಅಳುತ್ತಿದ್ದರು. ಅವರು ಆ ವಾರವೆಲ್ಲ ಸರಿಯಾಗಿ ಊಟ ಮಾಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಗದೆ ನಿಂತವರು ಘೋಷಾಲ್‌ಬಾಬು ಒಬ್ಬರೇ.

"ನೆರಳು ಕೂಡ ಬೀಳಲ್ಲ ಅಂದಿದ್ರಿ," ಎಂದರು.

"ಮನೆಯಲ್ಲಿ ಅಂದಿದ್ದೆ," ಎಂದರು ಮೂರ್ತಿ. "ಇದು ಹಿತ್ತಿಲು."

ಮಂಡಲ್ ಚೀಲವನ್ನು ಮರ್ಯಾದೆಯಿಂದ ಹಿಂದಿರುಗಿಸಿದರು. ಕವರು ಒಮ್ಮೆಗೇ ಬಿಚ್ಚಬೇಡಿ, ಮೊದಲು ಪುಕುರಿನ ನೀರಿನ ಮೇಲೆ ಹಾಗೇ ತೇಲಿಬಿಡಿ, ನೀರಿನ ಬಿಸಿ-ತಂಪಿಗೆ ಹೊಂದಿಕೊಳ್ಳಲಿ ಎಂದು ಬುದ್ಧಿ ಹೇಳಿದರು. "ಖಲ್ಸೆ ಒಳ್ಳೇ ಜಾತಿ. ಸಾಸಿವೆ ಅರೆದು, ಹಸಿಮೆಣಸಿನಕಾಯಿ ಸೀಳಿ ಹಾಕಿದರೆ..." ಎಂದು ಮುಂದುವರಿಸಿದವರು, ಇಡೀ ಬೀದಿ ತಮ್ಮನ್ನು ಕೊಲೆಗಾರನನ್ನು ನೋಡುವಂತೆ ನೋಡುತ್ತಿರುವುದನ್ನು ಕಂಡು ಜೀಪು ಹತ್ತಿದರು.

ಅವತ್ತಿನಿಂದ ಪುಕುರಿಗೆ ಯಾರೂ ಗಾಳ ತರಲಿಲ್ಲ. ಒಂದು ವಾರ ಪೂರ್ತಿ ಯಾವ ಹೆಸರಿಗಾಗಿ ಮರುಕಪಟ್ಟಿದ್ದರೋ ಆ ಹೆಸರಿನ ಜೀವವನ್ನು ತಿನ್ನಲು ಯಾವ ಬಂಗಾಳಿಗೂ ಮನಸ್ಸು ಬರಲಿಲ್ಲ. ಬದಲಿಗೆ ವಿಚಾರಿಸಿಕೊಳ್ಳಲು ಬಂದರು. "ಮಿನು ಹೇಗಿದ್ದಾಳೆ?" ಎಂದು ಕಚೇರಿಗೆ ಹೊರಟವರು ಗೇಟಿನಲ್ಲಿ ಇಣುಕಿದರು. ಅನಿಮಾ ಮಾಶಿಮಾ ಕಿಟಕಿಯಿಂದ ಮಂಡಕ್ಕಿ ಎಸೆದರು. ಹೆಚ್ಚು ಹಾಕಿದರೆ ನೀರು ಕೆಡುತ್ತದೆ ಎಂದು ಮೂರ್ತಿಯವರು ಎಷ್ಟು ಹೇಳಿದರೂ, "ಚಿಟಿಕೆ ಊಟದ ಮಾತು ಮತ್ತೆ ಎತ್ತಬೇಡ, ನನಗೆ ಎದೆನೋವು ಬರುತ್ತೆ," ಎಂದು ಅವರ ಬಾಯಿ ಮುಚ್ಚಿಸಿದರು. ಸೊಳ್ಳೆ ಕಡಿಮೆಯಾಯಿತು. ಸೌಟಿನ ಹೆಂಗಸರು ಬಂದು ನೀರೆತ್ತಿ ನೋಡಿ, ಏನೂ ಸಿಗದೆ ಬೇಸರದಿಂದ ಹೊರಟುಹೋದರು.

ಮಳೆಗಾಲ ಹಿಡಿಯಿತು. ಒಂದು ಭಾನುವಾರ, ಹಿಂದಿನ ಸಂಜೆ ಶುರುವಾದ ಮಳೆ ಬೆಳಗಾದರೂ ನಿಂತಿರಲಿಲ್ಲ. ಮೂರ್ತಿಯವರು ಹಿತ್ತಿಲ ಬಾಗಿಲು ತೆರೆದರೆ ಪುಕುರೂ ಇಲ್ಲ, ಹಿತ್ತಿಲೂ ಇಲ್ಲ. ಗೇಟಿನಾಚೆಯ ಬೀದಿಯವರೆಗೂ ಒಂದೇ ನೀರು. ಹೊನ್ನಪ್ಪನವರಿಗೆ ಹೇಳಿದ ಕೆರೆ ಕೊನೆಗೂ ಆಗಿತ್ತು, ಆದರೆ ಅದರಲ್ಲಿ ಮೀನಿರಲಿಲ್ಲ. ಅವೆಲ್ಲ ಬೀದಿಗೆ ಹೋಗಿದ್ದವು.

ಮೂರ್ತಿಯವರು ಪಂಚೆ ಎತ್ತಿ ಕಟ್ಟಿ, ಹಿಟ್ಟು ಜರಡಿ ಹಿಡಿದು, ಮೊಣಕಾಲುದ್ದದ ನೀರಿಗೆ ಇಳಿದರು. ಆಗಲೇ ಮುಖ ಸಣ್ಣಗಾಗಿತ್ತು. ಬೀದಿಯಲ್ಲಿ ನೀರು ನಿಂತು ಅದರಲ್ಲಿ ಮೀನು ಕಂಡರೆ ಕೋಲ್ಕತ್ತದಲ್ಲಿ ಅದು ಕಂಡವರ ಪಾಲು. ಅಷ್ಟರಲ್ಲಿ ಎದುರು ಮನೆಯ ಮಹಡಿಯಿಂದ ಯಾರೋ ಕೂಗಿದರು: "ಮಿನು ಆಚೆ ಬಂದಿದ್ದಾಳೆ!"

ಬೀದಿಯ ಬಾಗಿಲುಗಳೆಲ್ಲ ತೆರೆದವು. ಜನ ಬಕೆಟ್ಟು, ಮಗ್ಗು, ಮೈ ಒರೆಸುವ ಗಮ್ಛಾ ಹಿಡಿದು ಇಳಿದರು. ಕ್ಲಬ್ಬಿನವರು ಸೊಳ್ಳೆಪರದೆಯೊಂದನ್ನು ಬಿಚ್ಚಿ ನಾಲ್ಕು ಮೂಲೆ ಹಿಡಿದರು. ಘೋಷಾಲ್‌ಬಾಬು ಮುಂದೆ ನಿಂತು, "ಎಡಕ್ಕೆ, ಎಡಕ್ಕೆ! ನಿಧಾನ, ಹೆದರ್ತಾಳೆ!" ಎಂದು ಆಜ್ಞೆ ಮಾಡುತ್ತಿದ್ದರು. ಆ ಎತ್ತರದ ಮನುಷ್ಯ ನೀರಿನಲ್ಲಿ ಮಂಡಿಯೂರಿ, ರಿಕ್ಷಾದ ಗಾಲಿಯ ಸಂದಿಯಿಂದ ಒಂದು ಗಪ್ಪಿಯನ್ನು ಚಹಾ ಲೋಟದಲ್ಲಿ ಹಿಡಿದದ್ದನ್ನು ಮೂರ್ತಿಯವರು ಕಣ್ಣಾರೆ ಕಂಡರು. ಮೈಕು ಹಿಡಿದರೆ ಮಾತು ನಿಲ್ಲದ ಅವರು ತಮ್ಮ ಜರಡಿಯನ್ನೂ ಆ ಗಾಲಿಯ ಕಡೆಗೇ ಚಾಚಿದರು.

ಮಧ್ಯಾಹ್ನದ ಹೊತ್ತಿಗೆ ಸಾವಿತ್ರಿಯ ಅಡುಗೆಮನೆಯ ದೊಡ್ಡ ಪಾತ್ರೆಗಳಲ್ಲಿ ಮೀನುಗಳು ಓಡಾಡುತ್ತಿದ್ದವು. ಮನೆಯಲ್ಲಿ ನೆರಳೇನು, ಮೀನೇ ಬಂದಿತ್ತು. ಸಾವಿತ್ರಿ ಸಾರಿನ ಪಾತ್ರೆಯನ್ನೂ ಕೊಟ್ಟಳು.

ಆಗ ಪರದೆ ಇನ್ನೊಮ್ಮೆ ಭಾರವಾಯಿತು. ಎತ್ತಿ ನೋಡಿದರೆ ಒಂದು ರುಯಿ, ತೋಳುದ್ದ, ಬೆಳ್ಳಿಯ ಬಣ್ಣ. ಯಾವ ಪುಕುರಿನಿಂದ ತಪ್ಪಿಸಿಕೊಂಡು ಬಂದಿತ್ತೋ ಯಾರಿಗೂ ತಿಳಿಯದು. ಘೋಷಾಲ್‌ಬಾಬು ಅದನ್ನು ಎರಡೂ ತೋಳಲ್ಲಿ ಮಗುವಿನಂತೆ ಎತ್ತಿಕೊಂಡು ಮೂರ್ತಿಯವರ ಮುಂದೆ ತಂದು ನಿಂತರು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಳಗಿನಿಂದ ಅವರು ಏನೂ ತಿಂದಿರಲಿಲ್ಲ. ಅವರ ಹಿಂದೆ ನಿಂತವರೂ ತಿಂದಿರಲಿಲ್ಲ.

"ಮೂರ್ತಿಬಾಬು," ಎಂದರು. "ನೀವೇ ಹೇಳಿ. ನೀವು ಹೇಳಿದ ಹಾಗೆ. ಇವಳು ಮಿನುವೋ, ಅಲ್ಲವೋ?"

ಮೂರ್ತಿಯವರು ರುಯಿಯನ್ನು ನೋಡಿದರು. ಮೀನಿನ ಬಗ್ಗೆ ಅವರಿಗೂ ಈಗ ಒಂದಿಷ್ಟು ಕರುಣೆ ಹುಟ್ಟಿತ್ತು. ಆಮೇಲೆ ಘೋಷಾಲ್‌ಬಾಬುವಿನ ಮುಖ ನೋಡಿದರು. ಕೊನೆಗೆ ಯಾರ ಕಣ್ಣಿಗೂ ಕಣ್ಣು ಸೇರಿಸದೆ, ತೀರ್ಪು ಕೊಡುವವರ ಹಾಗೆ ಹೇಳಿದರು.

"ಅಲ್ಲ. ಇದು ಮೀನು ಅಲ್ಲ."

ಬೀದಿ ಹೋ ಎಂದು ಕೂಗಿತು. ಘೋಷಾಲ್‌ಬಾಬು ನೀರು ಚಿಮ್ಮಿಸುತ್ತ ಮನೆಯ ಕಡೆ ಓಡಿದರು.

ಅಡುಗೆಮನೆಯ ಕಿಟಕಿಯಿಂದ ಸಾವಿತ್ರಿ ತಲೆ ಹೊರಗೆ ಹಾಕಿದಳು. "ಏನ್ರೀ ನಿಮಗೆ ಬಂದಿರೋದು! ಅವರು ಅಷ್ಟುದ್ದ ಮೀನನ್ನ ತಬ್ಕೊಂಡು ನಿಂತಿದ್ರೆ, ನೀವು ಮೀನೇ ಅಲ್ಲ ಅಂದ್ರಲ್ಲ?"

"ನೀನು ಸುಮ್ನಿರೇ," ಎಂದರು ಮೂರ್ತಿ, ಪಂಚೆಯ ನೀರು ಹಿಂಡುತ್ತ. "ಮೊದ್ಲು ಆ ಕಿಟಕಿ ಮುಚ್ಚು. ಇನ್ನು ಸ್ವಲ್ಪ ಹೊತ್ತಿಗೆ ಘೋಷಾಲ್‌ಬಾಬು ಮನೆಯಿಂದ ಒಗ್ಗರಣೆ ವಾಸನೆ ಬರುತ್ತೆ."